ಒಂದೂಟದ ದೂರ

ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಊರುಗಳಿಗೆ ಹೆಸರಿರುವುದಿಲ್ಲ. ಎರಡು ಗಂಟೆಯೊಳಗೆ ತಲುಪುವುದು ತಿಂಡಿ ಊರು. ನಾಲ್ಕೈದು ಗಂಟೆ ಹಿಡಿಯುವುದು ಒಂದೂಟದ ಊರು. ಅದಕ್ಕೂ ಆಚೆಯದು ಎರಡೂಟದ ಊರು. ರಾತ್ರಿಯೆಲ್ಲ ಹಾರಿ ಬೆಳಗಾದ ಮೇಲೂ ಹಾರುತ್ತಲೇ ಇರುವಂಥದಕ್ಕೆ ಅಲ್ಲಿನ ಹೆಂಗಸರು ಇಟ್ಟ ಹೆಸರು ಹೊಟ್ಟೆಬಾಕ ಊರು. ಭೂಪಟ ಬಿಡಿಸಿ ಕಿಲೋಮೀಟರ್ ಹೇಳುವವರು ಹೇಳಿಕೊಳ್ಳಲಿ. ಇಲ್ಲಿ ದೂರವೆಂದರೆ ಎಷ್ಟು ಟ್ರೇ ಹೋಗಬೇಕು, ಎಷ್ಟು ಸಲ ಬಿಸಿಯಾಗಬೇಕು ಎನ್ನುವುದಷ್ಟೇ.

ಈ ವಿದ್ಯೆಯಲ್ಲಿ ಪಳಗಿದವಳು ಮುಚ್ಚಳದಕ್ಕ. ಟ್ರೇಗಳ ಸಾಲಿನ ಕೊನೆಯಲ್ಲಿ ನಿಂತು, ಪ್ರತಿ ಡಬ್ಬಿಯ ಮುಚ್ಚಳದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಸಡಿಲವಿದ್ದರೆ ಡಬ್ಬಿ ವಾಪಸು, ಮುಚ್ಚಿದವಳಿಗೆ ಮಂಗಳಾರತಿ. ಯಾವುದನ್ನೇ ಆಗಲಿ ಒತ್ತಿ ನೋಡದೆ ನಂಬಬಾರದೆನ್ನುವ ಈ ಬುದ್ಧಿ ಅವಳ ಜೊತೆ ಮನೆಗೂ ಬಂದಿತ್ತು. ತರಕಾರಿಯವನ ತಕ್ಕಡಿ, ಹಾಲಿನ ಪ್ಯಾಕೆಟ್ಟಿನ ತಾರೀಖು, ಹಾಸ್ಟೆಲಿನಲ್ಲಿರುವ ಮಗಳು ಫೋನಿನಲ್ಲಿ ಹೇಳುವ "ಊಟ ಆಯ್ತಮ್ಮ", ಎಲ್ಲಕ್ಕೂ ಒಂದು ಹೆಬ್ಬೆರಳು. ಒತ್ತದೆ ಬಿಟ್ಟದ್ದು ಗಂಡನೊಬ್ಬನನ್ನು ಮಾತ್ರ. ಅಷ್ಟು ದೂರ ಇರುವ ಮನುಷ್ಯನನ್ನು ಒತ್ತಿ ನೋಡುವುದಾದರೂ ಹೇಗೆ ಎಂದು ಅವಳು ಸುಮ್ಮನಿದ್ದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಸಮುದ್ರದಾಚೆಯ ದೊಡ್ಡ ನಗರವೊಂದರಲ್ಲಿ, ಕತ್ತೆತ್ತಿ ನೋಡಿದರೆ ಟೋಪಿ ಬೀಳುವಂಥ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ಸರಿಮಾಡುತ್ತಾನೆ. ನಾಲ್ಕು ತಿಂಗಳಿಗೊಮ್ಮೆ ಎರಡು ವಾರ ರಜೆ, ಟಿಕೆಟ್ಟು ಕಂಪನಿಯದು. ಮೊದಲಿನಿಂದಲೂ ಅದು ಏಳು ಗಂಟೆಯ ಪ್ರಯಾಣ; ನಡುವೆ ಒಂದು ಊರಿನಲ್ಲಿ ಇಳಿದು, ವಿಮಾನ ಬದಲಿಸಿ ಬರಬೇಕು. ಮಧ್ಯಾಹ್ನ ಮೂರಕ್ಕೆ ಇಳಿದು ನಾಲ್ಕು ದಾಟುವಷ್ಟರಲ್ಲಿ ಮನೆ ಸೇರುತ್ತಾನೆ. ಅವಳ ಪಾಳಿ ಮುಗಿಯುವುದೂ ಮೂರಕ್ಕೇ. ಅಡುಗೆಮನೆ ಇರುವುದು ವಿಮಾನ ನಿಲ್ದಾಣದ ಬೆನ್ನಿಗೆ, ಸರಕು ಗೇಟಿನ ಕಡೆ. "ನಾನೇ ಈ ಕಡೆಯಿಂದ ಬಂದು ಕಾಯ್ತೀನಿ, ಜೊತೆಗೆ ಹೋಗೋಣ" ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. "ಬೇಡ ಬೇಡ, ಸಾಮಾನು ಬರೋಕೆ ಹೊತ್ತಾಗುತ್ತೆ. ಅಮ್ಮ ಒಬ್ಬಳೇ ಇರ್ತಾಳೆ, ನೀನು ಮನೇಲಿರು" ಎಂದಿದ್ದ. ಅಮ್ಮನ ಮೇಲೆ ಎಷ್ಟು ಪ್ರೀತಿ ಎಂದು ಆಗ ಅವಳಿಗೆ ಖುಷಿಯಾಗಿತ್ತು.

ಈ ಸಲ ಅವನು ಬರುವ ಹಿಂದಿನ ತಿಂಗಳು ಅಡುಗೆಮನೆಗೆ ಹೊಸ ಗುತ್ತಿಗೆ ಸಿಕ್ಕಿತ್ತು. ಗಂಡನಿರುವ ನಗರಕ್ಕೆ ನೇರವಾಗಿ ಹಾರುವ ವಿಮಾನದ್ದು. ಅಂಥದ್ದೊಂದು ಎರಡು ವರ್ಷದಿಂದ ಹಾರಾಡುತ್ತಿದೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಅದು ಒಂದೂಟದ ವಿಮಾನ. ಅಲ್ಲಿನ ಅಡುಗೆ ದುಬಾರಿಯೆಂದು ಹೋಗುವಾಗಿನ ಊಟ, ಬರುವಾಗಿನ ಊಟ ಎರಡನ್ನೂ ಇಲ್ಲಿಂದಲೇ ತುಂಬಿಸಿ ಕಳಿಸುತ್ತಿದ್ದರು. ಸಾಲು ಅವಳದೇ. ಮೊದಲ ದಿನ ಆ ಡಬ್ಬಿಗಳ ಮುಚ್ಚಳ ಒತ್ತುವಾಗ ಅವಳಿಗೆ ಒಳಗೊಳಗೇ ನಗು. ಕಂಪನಿಯವರಿಗೆ ಹೇಳಿ ಈ ಟಿಕೆಟ್ಟು ಮಾಡಿಸಿಕೊಂಡರೆ ನಮ್ಮ ಯಜಮಾನರು ಬರುವ ದಾರಿಯಲ್ಲೇ ನನ್ನ ಕೈ ಮುಟ್ಟಿದ ಊಟ ಉಣ್ಣಬಹುದು, ಮೂರು ಗಂಟೆ ಮೊದಲೇ ಮನೆ ಸೇರಬಹುದು ಎಂದು ಲೆಕ್ಕ ಹಾಕಿದಳು. ಫೋನಿನಲ್ಲಿ ಹೇಳಲಿಲ್ಲ. ಎದುರಿಗೇ ಹೇಳಿ ಮುಖ ನೋಡಬೇಕು ಎಂದು ಇಟ್ಟುಕೊಂಡಳು.

ಅವನು ಬಂದ. ಬಾಗಿಲಲ್ಲಿ ನಗುತ್ತ ನಿಂತ ಅವಳ ಕೈಗೆ ಬ್ಯಾಗು ಕೊಟ್ಟು, ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಅತ್ತೆ ಮಗನ ಮೈದಡವಿ ಮಾಮೂಲಿ ವಿಚಾರಣೆಗೆ ತೊಡಗಿದರು.

"ಎಷ್ಟು ಹೊತ್ತಾಯ್ತಪ್ಪಾ?"

"ಎಂದಿನ ಹಾಗೇ ಅಮ್ಮ, ಏಳು ಗಂಟೆ. ಕಾಲೆಲ್ಲ ಹಿಡ್ಕೊಂಡು ಹೋಯ್ತು."

"ಊಟಗೀಟ ಕೊಟ್ರಾ?"

"ಕೊಟ್ರು, ಎರಡು ಸಲ. ಎರಡನೇದು ಬಾಯಿಗಿಡೋ ಹಾಗಿರಲಿಲ್ಲ."

ಈಗ ಹೇಳಿಬಿಡೋಣ ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಜೇಬಿನಿಂದ ವಿಮಾನದ ಪೊಟ್ಟಣ ತೆಗೆದು ಅಮ್ಮನ ಮಡಿಲಿಗೆ ಹಾಕಿದ. ಚಮಚ, ಕಾಗದದ ಕರವಸ್ತ್ರ, ಉಪ್ಪು, ಸಕ್ಕರೆ ಸೇರಿಸಿ ಅಂಟಿಸಿದ ಪುಟ್ಟ ಪೊಟ್ಟಣ. ಅತ್ತೆಗೆ ಇವೆಂದರೆ ಪ್ರಾಣ. ಒಂದು ಡ್ರಾಯರ್ ತುಂಬ ಕೂಡಿಟ್ಟಿದ್ದಾರೆ, ಒಂದನ್ನೂ ಒಡೆದವರಲ್ಲ. "ಇದನ್ನೂ ಒಳಗಿಡಮ್ಮ" ಎಂದು ಸೊಸೆಗೆ ಕೊಟ್ಟರು. ಪೊಟ್ಟಣದ ಮೂಲೆಯಲ್ಲಿ ಹಸಿರು ಬಣ್ಣದ ದುಂಡನೆಯ ಚೀಟಿ. ಯಾವ ಮೇಜಿನಲ್ಲಿ ಕಟ್ಟಿದ್ದು ಎಂದು ತಿಳಿಯಲಿಕ್ಕೆ ಅಡುಗೆಮನೆಯವರು ಅಂಟಿಸುವ ಗುರುತು. ಹಸಿರು ಅವಳ ಸಾಲಿನ ಬಣ್ಣ; ಬರುವಾಗಿನ ಊಟ ಆ ಸಾಲಿನಿಂದ ಹೋಗುವುದು ನೇರ ವಿಮಾನಕ್ಕೆ ಮಾತ್ರ. ಅದನ್ನು ಅಂಟಿಸಿದ ಹುಡುಗಿಗೆ, ಚೀಟಿ ಓರೆಯಾಗಿದೆ ಎಂದು ಅವಳೇ ಬೈದಿದ್ದಳು.

ಒಂದೂಟದ ವಿಮಾನದಲ್ಲಿ ಬಂದ ಮನುಷ್ಯ ಎರಡೂಟದ ಕಥೆ ಹೇಳುತ್ತ ಕೂತಿದ್ದಾನೆ. ಉಳಿದ ಮೂರು ಗಂಟೆ ಎಲ್ಲಿ ಹೋಯಿತು? ಹೇಳಬೇಕೆಂದು ತಿಂಗಳಿಡೀ ಇಟ್ಟುಕೊಂಡ ಸಿಹಿ ಸುದ್ದಿಗೆ ಈಗ ಜಾಗವೇ ಇರಲಿಲ್ಲ. ಅವಳು ಪೊಟ್ಟಣವನ್ನು ಡ್ರಾಯರಿನಲ್ಲಿಟ್ಟು, ಏನೂ ಆಗದವಳಂತೆ ನೀರು ಕಾಯಿಸಲು ಹೋದಳು.

ಒಳ್ಳೆಯ ಹೆಂಡತಿಯಾಗಿ ಅವಳು ಮೊದಲು ಗಂಡನ ಪರವಾಗಿಯೇ ವಾದಿಸಿದಳು. ಪೊಟ್ಟಣ ಯಾರೋ ಕೊಟ್ಟಿರಬಹುದು. ವಿಮಾನ ಆಕಾಶದಲ್ಲೇ ಸುತ್ತು ಹೊಡೆದಿರಬಹುದು. ಮಾರನೆಯ ದಿನ ಕೆಲಸಕ್ಕೆ ಹೋದವಳು, ಊಟದ ಟ್ರಾಲಿಗಳನ್ನು ವಿಮಾನಕ್ಕೆ ಏರಿಸಿ ಇಳಿಸುವ ಗಾಡಿಯ ಡ್ರೈವರನನ್ನು ಹಿಡಿದಳು.

"ಅಲ್ಲಯ್ಯಾ, ನಮ್ಮ ಆ ಹೊಸ ವಿಮಾನ ಎಷ್ಟು ಹೊತ್ತಿಗೆ ವಾಪಸ್ ಇಳಿಯುತ್ತೆ?"

"ಹನ್ನೆರಡಕ್ಕೆ ಅಕ್ಕ. ನಾಲ್ಕು ಗಂಟೆ ಹಾರಾಟ. ನಿನ್ನೆ ಇನ್ನೂ ಸ್ವಲ್ಪ ಮೊದಲೇ ಇಳೀತು. ಖಾಲಿ ಟ್ರಾಲಿ ಇಳಿಸಿದೋನು ನಾನೇ ಅಲ್ವಾ?"

"ಎದುರುಗಾಳಿ ಇದ್ರೆ ತಡ ಆಗುತ್ತಂತಲ್ಲ. ಒಂದು ಮೂರು ಗಂಟೆ ಹೆಚ್ಚಾಗಬಹುದಾ?"

ಡ್ರೈವರ್ ಬಿದ್ದು ಬಿದ್ದು ನಕ್ಕ. "ನಾಲ್ಕು ಗಂಟೆ ದಾರೀಲಿ ಮೂರು ಗಂಟೆ ಗಾಳಿ ತಡೆದ್ರೆ ಅದು ವಿಮಾನ ಅಲ್ಲಕ್ಕ, ಗಾಳಿಪಟ!"

ಅವಳಿಗೆ ನಗು ಬರಲಿಲ್ಲ. ಅವತ್ತು ಸಂಜೆ ಗಂಡ ಕಿಟಕಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದಾಗ ಅವಳು ಬಟ್ಟೆ ಮಡಿಸುತ್ತ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಕೇಳಿದಳು.

"ಅಲ್ರೀ, ನೀವಿರೋ ಊರಿಗೂ ಇಲ್ಲಿಗೂ ಎಷ್ಟು ದೂರ ಆಗುತ್ತೆ?"

ಎಣ್ಣೆಯ ಡಬ್ಬಿ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. "ಮೂರು ಸಾವಿರ ಕಿಲೋಮೀಟರ್ ಇರಬಹುದು. ಯಾಕೆ?"

"ಸುಮ್ಮನೆ. ಅಷ್ಟಕ್ಕೆ ಏಳು ಗಂಟೆ ಬೇಕಾ ಅಂತ."

"ಅದು ಹಾಗಲ್ಲ. ಅಲ್ಲಿನ ಗಡಿಯಾರ ನಮಗಿಂತ ಮುಂದೆ ಓಡುತ್ತೆ. ಬರುವಾಗ ಹಿಂದಕ್ಕೆ ತಿರುಗಿಸ್ಕೋಬೇಕು. ಹಾಗಾಗಿ ಹೊತ್ತು ಜಾಸ್ತಿ ಆದ ಹಾಗೆ ಕಾಣುತ್ತೆ."

"ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ ವಯಸ್ಸೂ ಕಮ್ಮಿ ಆಗುತ್ತೇನೋ?" ಎಂದರು ಅತ್ತೆ ಮೂಲೆಯಿಂದ. "ನೋಡೇ ಇವನ್ನ, ವಿಮಾನದಲ್ಲಿ ಬಂದು ರೈಲು ಬಿಡ್ತಿದ್ದಾನೆ!" ಎಂದು ತಮ್ಮ ಮಾತಿಗೆ ತಾವೇ ಕುಲುಕುಲು ನಕ್ಕರು. ಗಂಡನೂ ನಕ್ಕ, ಬೇಕಾದದ್ದಕ್ಕಿಂತ ತುಸು ಜಾಸ್ತಿ.

ಅವಳು ಅಡುಗೆಮನೆಗೆ ಹೋಗಿ ಬೆರಳು ಮಡಿಸಿ ನೋಡಿದಳು. ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಪ್ರಯಾಣ ಕಡಿಮೆಯಾದಂತೆ ಕಾಣಬೇಕೇ ಹೊರತು ಹೆಚ್ಚಾದಂತಲ್ಲ. ಲಿಫ್ಟಿನ ವೈರುಗಳ ಜಡೆ ಬಿಡಿಸುವ ಮನುಷ್ಯನಿಗೆ ಇಷ್ಟು ಲೆಕ್ಕ ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೇ ತನ್ನ ಕಿವಿಯ ಮೇಲೆ ಹೂವಿಡುತ್ತಿದ್ದಾನೆ. ಸಿಟ್ಟಿಗಿಂತ ಮೊದಲು ಅವಳಿಗೆ ಅವಮಾನವಾಯಿತು.

ಆಮೇಲೆ ಅವಳ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಅವನ ಪ್ರಯಾಣದ ಪ್ಯಾಂಟು ಒಗೆಯುವಾಗ ಹಿಂಭಾಗದಲ್ಲಿ ಸಿಮೆಂಟಿನ ಬೂದು ಧೂಳು. ವಿಮಾನದ ಸೀಟಿನಲ್ಲಿ ಸಿಮೆಂಟು ಎಲ್ಲಿಂದ ಬರಬೇಕು? ಅಂಗಿಯ ಜೇಬು ತಿರುವಿದರೆ ಕಡಲೆಕಾಯಿ ಸಿಪ್ಪೆ. ಯಾರ ಮನೆಯ ಜಗಲಿಯ ಮೇಲೆ ಕೂತು, ಯಾವಳು ಬಿಡಿಸಿ ಕೊಟ್ಟ ಕಡಲೆಕಾಯಿ ತಿಂದು ಬಂದನೋ ಎಂದು ಅವಳು ಆ ಸಿಪ್ಪೆಯನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಅಪರೂಪಕ್ಕೆ ಅವನಾಗಿಯೇ ಮಾತಿಗೆ ಬಂದರೂ ಅದರಲ್ಲೊಂದು ಕೊಕ್ಕೆ ಕಾಣಿಸುತ್ತಿತ್ತು.

"ನೀನು ಪಾಳಿ ಮುಗಿದ ಮೇಲೆ ಸೀದಾ ಬಸ್ಸು ಹತ್ತೀಯಾ?" ಎಂದು ಒಂದು ದಿನ ಕೇಳಿದ.

"ಮತ್ತೇನು, ಪಲ್ಲಕ್ಕಿ ಕಳಿಸ್ತಾರಾ?"

"ಹಾಗಲ್ಲ. ಆ ಕಡೆ ಬಸ್ಸಿಗೆ ತುಂಬ ಹೊತ್ತು ನಿಲ್ಲಬೇಕೇನೋ ಅಂತ."

ತಾನು ಯಾವ ಹೊತ್ತಿಗೆ ಎಲ್ಲಿರುತ್ತೇನೆಂದು ತಿಳಿದುಕೊಂಡು, ತನ್ನ ದಾರಿ ನಿರಾತಂಕ ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಅವನು ಇನ್ನೊಂದು ಗಡಿಯಾರ ತಿರುಗಿಸುತ್ತಾನೆ. ಅದೂ ಅಲ್ಲದೆ, ನಿಜ ಹೇಳಿಬಿಟ್ಟರೆ? ಆ ಹೆದರಿಕೆಯೇ ದೊಡ್ಡದು. ರಜೆ ಮುಗಿಸಿ ಅವನು ಹೊರಟಾಗ ಅವಳು ಬಾಗಿಲಲ್ಲಿ ನಿಂತು ನಗುನಗುತ್ತಲೇ ಕಳಿಸಿಕೊಟ್ಟಳು.

ಮುಂದಿನ ನಾಲ್ಕು ತಿಂಗಳು ಅವಳ ತಲೆಯೊಳಗೆ ಒಂದು ಮನೆ ಕಟ್ಟಿಕೊಂಡೇ ಹೋಯಿತು. ಆ ಮನೆಗೆ ಸಿಮೆಂಟಿನ ಜಗಲಿ, ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುವ ಒಬ್ಬಳು. ಮೊದಲು ಅವಳಿಗೆ ಮುಖವಿರಲಿಲ್ಲ. ಬರಬರುತ್ತ ಮೂಗು ಬಂತು, ಬಳೆ ಬಂತು, ಕೊನೆಗೆ ಒಂದು ಮಗುವೂ ಬಂತು. ಅಡುಗೆಮನೆಯಲ್ಲಿ ಮುಚ್ಚಳದಕ್ಕ ಗಟ್ಟಿಯಾಗಿದ್ದ ಡಬ್ಬಿಗಳನ್ನೂ ವಾಪಸು ಕಳಿಸತೊಡಗಿದಳು. ಏನು ಮಾಡಬೇಕೆಂದು ಮಾತ್ರ ತೀರ್ಮಾನವಾಗಿತ್ತು. ಇನ್ನೊಂದು ಮನೆ ಇರುವುದು ನಿಜವಾದರೆ ಅವನ ಬ್ಯಾಗು ಬಾಗಿಲಾಚೆ. ಅತ್ತೆಯನ್ನು ಬಿಟ್ಟುಕೊಡುವುದಿಲ್ಲ, ಅವರೂ ಅವರ ಡ್ರಾಯರೂ ತನ್ನ ಜೊತೆಗೇ. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಸಾಣೆ ಹಿಡಿದು ಇಟ್ಟುಕೊಂಡಳು.

ಅವನು ಬರುವ ದಿನ ಅವಳು ಮೈ ಹುಷಾರಿಲ್ಲವೆಂದು ಕೆಲಸಕ್ಕೆ ರಜೆ ಹಾಕಿ, ಕೆಲಸಕ್ಕೆ ಹೋಗುತ್ತೇನೆಂದು ಅತ್ತೆಗೆ ಹೇಳಿ ಮನೆ ಬಿಟ್ಟಳು. ಮುಖಕ್ಕೆ ಅಡುಗೆಮನೆಯ ಮಾಸ್ಕು, ತಲೆಗೆ ಮಗಳ ದುಪಟ್ಟಾ. ನಿಲ್ದಾಣದ ಹೊರಬಾಗಿಲಿನ ಕಂಬದ ಮರೆಯಲ್ಲಿ ನಿಂತವಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಕದಿಯುವವನು ಅವನು, ಕಳ್ಳಿಯಂತೆ ನಿಂತಿರುವವಳು ನಾನು ಎಂದು ಗೊಣಗಿಕೊಂಡಳು.

ಹನ್ನೆರಡೂವರೆಗೆ ಅವನು ಹೊರಗೆ ಬಂದ. ಭುಜದಲ್ಲಿ ಒಂದೇ ಬ್ಯಾಗು, ಕಾಲು ಹಿಡಿದ ಲಕ್ಷಣ ಎಳ್ಳಷ್ಟೂ ಇಲ್ಲ. ಗಾಜಿನ ಬಾಗಿಲಲ್ಲಿ ಮುಖ ನೋಡಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿದ. ಮನೆಗೆ ಬರುವಾಗ ಯಾವತ್ತಾದರೂ ತಲೆ ಬಾಚಿಕೊಂಡು ಬಂದವನೇ? ಅವಳ ಹಲ್ಲು ಕಟಕಟ ಎಂದಿತು. ಅವನು ಮನೆ ಕಡೆಯ ಬಸ್ಸು ಬಿಟ್ಟು, ಆಚೆ ಬದಿಗೆ ನಿಂತಿದ್ದ ಬಸ್ಸು ಹತ್ತಿ ಮುಂದೆ ಕೂತ. ಅವಳು ಹಿಂದಿನ ಬಾಗಿಲಿನಿಂದ ಹತ್ತಿ, ದಪ್ಪನೆಯ ಒಬ್ಬರ ಬೆನ್ನ ಹಿಂದೆ ಅಡಗಿದಳು.

ಬಸ್ಸು ನಿಲ್ದಾಣವನ್ನು ಬಳಸಿಕೊಂಡು, ಗೋದಾಮುಗಳ ಸಾಲು ದಾಟಿ, ಸರಕು ಗೇಟಿನ ಕಡೆ ತಿರುಗಿತು. ಅವಳು ದಿನಾ ಓಡಾಡುವ ದಾರಿ. ಅವನು ಇಳಿದದ್ದು ಅವಳು ದಿನಾ ಇಳಿಯುವ ಸ್ಟಾಪಿನಲ್ಲಿ. ಅವಳೂ ಹಿಂದಿನ ಬಾಗಿಲಿನಿಂದ ಇಳಿದಳು. ಹಾಗಾದರೆ ಆ ಇನ್ನೊಬ್ಬಳು ಬೇರೆ ಎಲ್ಲಿಯೂ ಅಲ್ಲ, ತನ್ನ ಅಡುಗೆಮನೆಯಲ್ಲೇ ಇದ್ದಾಳೆ! ಯಾರು? ಹಣ್ಣು ಹೆಚ್ಚುವ ವಿಭಾಗದ ಉದ್ದ ಜಡೆಯವಳೇ? ಪಾತ್ರೆ ತೊಳೆಯುವ ಯಂತ್ರದ ಬಳಿ ಹಾಡು ಗುನುಗುವವಳೇ? ಮೊನ್ನೆ ತಾನೇ "ಅಕ್ಕಾ, ನಿಮ್ಮ ಯಜಮಾನರು ಯಾವಾಗ ಬರ್ತಾರೆ?" ಎಂದು ವಿಚಾರಿಸಿದ ಆ ಚೀಟಿ ಅಂಟಿಸುವ ಹುಡುಗಿಯೇ? ನಗುನಗುತ್ತ ಮಾತಾಡಿದ ಒಬ್ಬೊಬ್ಬಳನ್ನೂ ಅವಳು ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿದಳು.

ಗೇಟಿನ ಎದುರು, ರಸ್ತೆಯ ಈಚೆಗೆ, ಒಂದು ಪಂಕ್ಚರ್ ಅಂಗಡಿ. ಅದರ ಮಗ್ಗುಲಲ್ಲಿ ಚರಂಡಿಯ ಮೇಲೆ ಹಾಸಿದ ಸಿಮೆಂಟಿನ ಚಪ್ಪಡಿ. ಗಂಡ ಸ್ವಂತ ಜಾಗಕ್ಕೆ ಬಂದವನಂತೆ ಅದರ ಮೇಲೆ ಕೂತು ಬ್ಯಾಗು ಪಕ್ಕಕ್ಕಿಟ್ಟ. ಪಂಕ್ಚರಿನವನು ಗುರುತಿನ ನಗೆ ನಕ್ಕ. ತಳ್ಳುಗಾಡಿಯವಳಿಂದ ಒಂದು ಪೊಟ್ಟಣ ಕಡಲೆಕಾಯಿ ಕೊಂಡು, ತಾನೇ ಬಿಡಿಸಿ ತಿನ್ನುತ್ತ, ಸಿಪ್ಪೆಯನ್ನು ರಸ್ತೆಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತ, ಕಣ್ಣು ಕೀಳದೆ ಗೇಟನ್ನೇ ನೋಡುತ್ತ ಕೂತ. ಅವಳು ಅಂಗಡಿಯ ಹಿಂದೆ ಪೇರಿಸಿಟ್ಟ ಹಳೆಯ ಟೈರುಗಳ ಮರೆಯಲ್ಲಿ ನಿಂತಳು. ಕಾಲು ಸೋಲತೊಡಗಿತು. ರಬ್ಬರಿನ ವಾಸನೆಗೆ ತಲೆ ಸಿಡಿಯಿತು. ಆದರೂ ಜಗ್ಗಲಿಲ್ಲ. ಬರಲಿ, ಇವತ್ತು ಅವಳ ಮುಖ ನೋಡಿಯೇ ಹೋಗುವುದು ಎಂದು ಹಟ ಹಿಡಿದಳು.

ಮೂರರ ಸೈರನ್ ಕೂಗಿತು. ಅವನು ತಟ್ಟನೆ ಎದ್ದು, ಅಂಗಿ ಎಳೆದುಕೊಂಡು, ಗೇಟಿನ ಕಡೆಗೆ ಕಾಣದಂತೆ ಅಂಗಡಿಯ ಬೋರ್ಡಿನ ಮರೆಗೆ ನಿಂತ. ಗೇಟಿನಿಂದ ಹೆಂಗಸರು ಗುಂಪುಗುಂಪಾಗಿ ಹೊರಬಂದರು. ಉದ್ದ ಜಡೆಯವಳು ಬಂದಳು. ಮುಚ್ಚಳದಕ್ಕ ಗಂಡನ ಮುಖ ನೋಡಿದಳು. ಏನೂ ಆಗಲಿಲ್ಲ. ಹಾಡಿನವಳು ಬಂದಳು. ಇಲ್ಲ. ಚೀಟಿ ಹುಡುಗಿ ಸ್ಕೂಟರ್ ಹತ್ತಿ ಹೋದದ್ದನ್ನು ಅವನು ನೋಡಲೂ ಇಲ್ಲ. ಗುಂಪು ಕರಗಿತು. ಕೊನೆಯ ಒಬ್ಬಿಬ್ಬರೂ ಬಂದು ಹೋದರು. ಗೇಟಿನ ಒಂದು ಬಾಗಿಲು ಮುಚ್ಚಿತು. ಅವನು ತುದಿಗಾಲಲ್ಲಿ ನಿಂತು ಇನ್ನೂ ನೋಡುತ್ತಲೇ ಇದ್ದ. ಮುಖ ಬಾಡಿ ಹೋಗಿತ್ತು.

ಪಂಕ್ಚರಿನವನು ಟ್ಯೂಬನ್ನು ನೀರಿನಿಂದ ಎತ್ತುತ್ತ ಕೇಳಿದ. "ಏನ್ ಸಾರ್, ನಿಮ್ಮನೆಯೋರು ಇವತ್ತು ಬರಲಿಲ್ವಾ?"

"ಇಲ್ಲ ಕಣಯ್ಯಾ. ಕೆಲಸಕ್ಕೇ ಬಂದಿಲ್ಲ ಅನ್ಸುತ್ತೆ. ಎಲ್ಲಿಗೆ ಹೋದಳೋ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಗೇಟಿನಿಂದ ಬರದೆ ಉಳಿದವಳು ಇಡೀ ಪಾಳಿಯಲ್ಲಿ ಒಬ್ಬಳೇ. ಟೈರಿನ ಮರೆಯಿಂದ ಹೊರಗೆ ಬಂದು ಮಾಸ್ಕು ಕಿತ್ತಳು.

"ನಿಮ್ಮನೆಯೋರು ಇಲ್ಲೇ ಇದ್ದಾರೆ."

ಅವನು ತಿರುಗಿದ. ಬಾಯಿಂದ ಮೊದಲು ಬಂದದ್ದು ಪ್ರಶ್ನೆಯೇ. "ನೀನು... ಇವತ್ತು ಕೆಲಸ ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ನಿಮ್ಮ ಹಿಂದೆ."

ಪಂಕ್ಚರಿನವನು ಯಾರೂ ಹೇಳದಿದ್ದರೂ ಎದ್ದು ಅಂಗಡಿಯ ಒಳಗೆ ಹೋದ. ಇಬ್ಬರೂ ಚಪ್ಪಡಿಯ ಎರಡು ತುದಿಯಲ್ಲಿ ನಿಂತರು. ಕೂಗಾಡಲು ಅವಳು ನಾಲ್ಕು ತಿಂಗಳಿಂದ ತಯಾರಿದ್ದಳು. ಆದರೆ ಆ ಮಾತುಗಳೆಲ್ಲ ಇನ್ನೊಬ್ಬಳಿಗಾಗಿ ಸಾಣೆ ಹಿಡಿದವು. ಇಲ್ಲಿ ಯಾವುದೂ ಕೆಲಸಕ್ಕೆ ಬರಲಿಲ್ಲ.

"ಹೇಳಿ" ಎಂದಳು.

ಅವನು ಹೇಳಿದ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳಿಗೆ ಫೋನು ಮಾಡಿದ್ದ. ಎತ್ತಿದ್ದು ಗಂಡಸಿನ ದನಿ. "ಬಟ್ಟೆ ಬದಲಾಯಿಸ್ತಿದ್ದಾಳೆ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟಿತು.

"ಅಯ್ಯೋ, ಅದು ನಮ್ಮ ಗೇಟಿನ ತಾತ!" ಎಂದು ಅವಳು ಕೂಗಿಕೊಂಡಳು. ಒಳಗೆ ಫೋನು ಒಯ್ಯುವ ಹಾಗಿಲ್ಲ. ಎಲ್ಲರೂ ವಾಚ್‌ಮನ್ ತಾತನ ಮೇಜಿನ ಮೇಲಿಟ್ಟು, ಪಕ್ಕದ ಕೋಣೆಯಲ್ಲಿ ಕೆಲಸದ ಬಟ್ಟೆ ತೊಟ್ಟು ಒಳಗೆ ಹೋಗಬೇಕು. ಬಡಿದುಕೊಳ್ಳುವ ಫೋನನ್ನು ಸುಮ್ಮನೆ ಬಿಡುವುದು ಆ ಮುದುಕನ ಜಾಯಮಾನದಲ್ಲೇ ಇಲ್ಲ. "ಅವನು ಎಲ್ಲರ ಗಂಡಂದಿರಿಗೂ ಹಾಗೇ ಹೇಳ್ತಾನೆ ಕಣ್ರೀ!"

"ಎಲ್ಲರ ಗಂಡಂದಿರೂ ಈ ಊರಲ್ಲೇ ಇದ್ದಾರೆ. ಅವರಿಗೆ ತಾತ ಗೊತ್ತು. ನನಗೆ ದನಿ ಮಾತ್ರ ಗೊತ್ತಿದ್ದದ್ದು."

"ಕೇಳಬಹುದಿತ್ತಲ್ಲ ನನ್ನ?"

"ನೀನು ಕೇಳಿದ್ಯಾ? ಎಷ್ಟು ಕಿಲೋಮೀಟರ್ ಅಂತ ಕೇಳಿದೆ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅವನು ತಲೆ ತಗ್ಗಿಸಿ ಮುಂದುವರಿಸಿದ. ಅದೇ ಹೊತ್ತಿಗೆ ಕಂಪನಿ ನೇರ ವಿಮಾನದ ಟಿಕೆಟ್ಟು ಕೊಡಲು ಶುರುಮಾಡಿತ್ತು. ಮನೆಯಲ್ಲಿ ಹೇಳದೆ ಸೀದಾ ಇಲ್ಲಿಗೆ ಬಂದು ಕೂತ, ಯಾರ ಜೊತೆ ಹೊರಗೆ ಬರುತ್ತಾಳೋ ನೋಡಲು. ಕೂತ ಸ್ವಲ್ಪ ಹೊತ್ತಿಗೇ ಗೇಟಿನ ಮೇಜಿನ ಮೇಲೆ ಯಾರದೋ ಫೋನು ಬಡಿದುಕೊಂಡಿತು. ಮುದುಕ ಎತ್ತಿ, "ಒಳಗೆ ಹೋಗಿದ್ದಾಳೆ, ಆಮೇಲೆ ಮಾಡಿ" ಎಂದು ರಸ್ತೆಗೆಲ್ಲ ಕೇಳುವಂತೆ ಕಿರುಚಿದ. ಅದೇ ದನಿ.

"ಅಂದ್ರೆ ಮೊದಲನೇ ಸಲಾನೇ ಗೊತ್ತಾಯ್ತು."

"ಮೊದಲನೇ ಸಲಾನೇ."

"ಮತ್ತೆ ಎರಡು ವರ್ಷ ಯಾಕೆ ಬಂದು ಕೂತ್ರಿ?"

ಅವನು ರಸ್ತೆಯಾಚೆ ಗೇಟಿನ ಕಡೆ ನೋಡಿದ. "ಅವತ್ತು ನೀನು ಕೊನೇಲಿ ಬಂದೆ" ಎಂದ. "ಎಲ್ಲರೂ ಹೋದ ಮೇಲೆ. ಆ ದೀಪದ ಕಂಬ ಇದೆಯಲ್ಲ, ಅದನ್ನ ಒಂದು ಕೈಲಿ ಹಿಡ್ಕೊಂಡು, ಚಪ್ಪಲಿ ಬಿಟ್ಟು, ಒಂದು ಕಾಲಲ್ಲಿ ನಿಂತು ಇನ್ನೊಂದು ಪಾದ ಒತ್ಕೊಂಡೆ. ಕಣ್ಣು ಮುಚ್ಕೊಂಡಿದ್ದೆ. ಆಮೇಲೆ ಕಾಲು ಬದಲಾಯಿಸಿದೆ. ಬಸ್ಸು ಬಂದ ತಕ್ಷಣ ಮುಖ ಸರಿಮಾಡ್ಕೊಂಡು ಹತ್ತಿದೆ. ನಾನು ಮನೆಗೆ ಬಂದರೆ ಮುಖ ತೊಳ್ಕೊಂಡು ನಗ್ತಾ ಬಾಗಿಲಲ್ಲಿ ನಿಂತಿದ್ದೆ. ನೆಂಟರ ಮುಂದೆ ನಿಲ್ಲೋ ಹಾಗೆ. ಹೋಗೋವರೆಗೂ ಅದೇ ನಗು. ನಿನ್ನ ನಿಜವಾದ ಮುಖ ನೋಡಬೇಕು ಅಂತ ಅನ್ನಿಸಿದಾಗೆಲ್ಲ ಇಲ್ಲಿಗೇ ಬರಬೇಕಾಗಿತ್ತು."

ಒಬ್ಬ ಮನುಷ್ಯ ಸಮುದ್ರ ದಾಟಿ ಬಂದು, ಚರಂಡಿಯ ಚಪ್ಪಡಿಯ ಮೇಲೆ ಕೂತು ತನ್ನ ದಾರಿ ಕಾದಿದ್ದಾನೆ. ಇನ್ನೊಬ್ಬಳಿಲ್ಲ, ಮನೆಯಿಲ್ಲ, ಮಗುವಿಲ್ಲ. ಒಂದು ಕ್ಷಣ ಅವಳಿಗೆ ಎಲ್ಲವನ್ನೂ ಕ್ಷಮಿಸಿಬಿಡುವಷ್ಟು ಹಗುರವಾಯಿತು. ಆ ಕ್ಷಣ ನಿಲ್ಲಲಿಲ್ಲ. ಕಂಬ ಹಿಡಿದು ಒಂಟಿ ಕಾಲಲ್ಲಿ ನಿಂತ ತನ್ನ ಚಿತ್ರ ಕಣ್ಣ ಮುಂದೆ ಬಂತು, ಎದುರಿಗೆ ಕಡಲೆಕಾಯಿ ತಿನ್ನುತ್ತ ಕೂತ ಅವನ ಚಿತ್ರವೂ ಬಂತು. ಒಳಗಿನಿಂದ ಬೇರೆಯೇ ಒಂದು ಸಿಟ್ಟು ಏರಿತು. ಇದಕ್ಕೆ ಅವಳು ತಯಾರಿ ಮಾಡಿಕೊಂಡಿರಲಿಲ್ಲ.

"ನೋಡಿದ್ರಿ" ಎಂದಳು. "ಬಂದಾಗಲೆಲ್ಲ ನೋಡಿದ್ರಿ. ನಂಗೆ ಕಾಲು ನೋಯುತ್ತೆ ಅಂತ ನಿಮಗೆ ಎರಡು ವರ್ಷದಿಂದ ಗೊತ್ತು."

"ಗೊತ್ತು."

"ಅಷ್ಟು ದೂರ ಹಾರಿ ಬಂದೋರಿಗೆ ಈ ರಸ್ತೆ ದಾಟೋಕೆ ಆಗಲಿಲ್ವಾ? ಬಂದು ನನ್ನ ಚೀಲ ಹಿಡ್ಕೊಳ್ಳೋಕೆ ಆಗಲಿಲ್ವಾ?"

"ದಾಟಿದ್ರೆ ಎಲ್ಲಾ ಗೊತ್ತಾಗಿಬಿಡ್ತಿತ್ತಲ್ಲ. ಯಾಕೆ ಬೇಗ ಬಂದೆ, ಯಾಕೆ ಇಲ್ಲಿ ಕೂತಿದ್ದೆ... ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಅಂತ ಹೇಳಬೇಕಾಗ್ತಿತ್ತು. ಹೇಗೆ ಹೇಳೋದು?"

"ಅಂದ್ರೆ ನಿಮ್ಮ ಮಾನ ಉಳೀಲಿ ಅಂತ ನಾನು ಕಂಬ ಹಿಡ್ಕೊಂಡು ನಿಂತಿದ್ದೆ."

ಇನ್ನೊಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಕಣ್ಣಾರೆ ಕಂಡೂ ಎದ್ದು ಬಾರದವನ ಜೊತೆ ಏನೆಂದು ಜಗಳವಾಡುವುದು? ಅವಳು ಚೀಲವನ್ನು ಹೆಗಲಿಗೇರಿಸಿ, ಅವನ ಕಡೆ ನೋಡದೆ, ಎರಡು ಲಾರಿಗಳ ನಡುವೆ ನುಗ್ಗಿ ರಸ್ತೆ ದಾಟಿದಳು.

ಮನೆ ಕಡೆಯ ಬಸ್ಸು ಬಂತು. ಅವಳು ಹತ್ತಲಿಲ್ಲ. ಟೈರುಗಳ ಹಿಂದೆ ಅಷ್ಟು ಹೊತ್ತು ನಿಂತದ್ದಕ್ಕೆ ಪಾದಗಳು ಉರಿಯುತ್ತಿದ್ದವು. ಕಂಬ ಹಿಡಿದು ಚಪ್ಪಲಿ ಬಿಟ್ಟಳು. ಈ ಸಲ ಕಣ್ಣು ಮುಚ್ಚಲಿಲ್ಲ. ರಸ್ತೆಯಾಚೆ ಬ್ಯಾಗು ಹಿಡಿದು ನಿಂತವನನ್ನು ದಿಟ್ಟಿಸಿ ನೋಡಿದಳು. ಅವನು ಒಂದು ಹೆಜ್ಜೆ ಇಳಿದ. ಲಾರಿಯ ಹಾರನ್ನಿಗೆ ಬೆಚ್ಚಿ ಹಿಂದೆ ಸರಿದ. ಮತ್ತೆ ಇಳಿದ. ಆಮೇಲೆ ಕೈ ಅಡ್ಡ ಹಿಡಿದು, ಬೈಸಿಕೊಳ್ಳುತ್ತ, ಅರ್ಧ ಓಡುತ್ತ ಅರ್ಧ ನಿಲ್ಲುತ್ತ ಬಂದ.

ಹತ್ತಿರ ಬಂದು ಚೀಲಕ್ಕೆ ಕೈ ಚಾಚಿದ. ಅವಳು ಚೀಲ ಕೊಡಲಿಲ್ಲ. ಕಂಬ ಬಿಟ್ಟು ಅವನ ಭುಜ ಹಿಡಿದಳು. ಭಾರವನ್ನೆಲ್ಲ ಅವನ ಮೇಲೆ ಹಾಕಿ, ಒಂಟಿ ಕಾಲಲ್ಲಿ ನಿಂತು, ಪಾದವನ್ನು ಬಲವಾಗಿ ಒತ್ತಿಕೊಂಡಳು.

"ಇನ್ನು ನನ್ನ ನಂಬ್ತೀಯಾ?" ಎಂದು ಅವನು ಕೇಳಿದ.

"ಗೊತ್ತಿಲ್ಲ" ಎಂದಳು ಅವಳು, ಇನ್ನೊಂದು ಕಾಲಿಗೆ ಬದಲಾಯಿಸುತ್ತ. "ಅಲುಗಾಡಬೇಡಿ."